ಮೊಳೆಗೆ ತೂಗುಬಿದ್ದ ಸೈಕಲ್ಲು

ವಾಲ್ಪರೈಸೊದ ನಮ್ಮ ಗುಡ್ಡದಲ್ಲಿ
ನಿಂಬೆಹಣ್ಣು ನಿಲ್ಲುವಷ್ಟೂ ಮಟ್ಟಸ ನೆಲವಿಲ್ಲ.
ಕೈಜಾರಿದ ಈರುಳ್ಳಿ
ನೆರೆಮನೆಯ ಓಬ್ದುಲಿಯಾಳ ಅಂಗಳ ದಾಟಿ
ಬೇಕರಿಯ ಬಾಗಿಲಲ್ಲಿ ಸಿಕ್ಕೀತು, ಸಿಕ್ಕರೆ.
ಇಂಥ ಕಡೆಗೆ
ಅಗ್ನಿಶಾಮಕ ದಳದ ಲಾಟರಿಯಲ್ಲಿ ಗೆದ್ದು
ನನ್ನ ಮಾವ ಹೊತ್ತು ತಂದದ್ದು
ಸೈಕಲ್ಲು!

ಹಳದಿ ಬಣ್ಣ, ಮುಂದೊಂದು ಬುಟ್ಟಿ,
ಬೀಳದಿರಲೆಂದು ಹಿಂದೆರಡು ಪುಟ್ಟ ಗಾಲಿ.
ಎಲಿಸೆಯೊಗೆ ಆಗ ಐದು.
ಅಡುಗೆಮನೆಯಿಂದ ಬಾಗಿಲ ತನಕ ತುಳಿದ,
ತಿರುಗಿಸಲು ಜಾಗವಿಲ್ಲದೆ
ಹಿಂಬದಿಯಿಂದಲೇ ವಾಪಸು ಬಂದ.
ಬಾಗಿಲಾಚೆ ನೂರ ಅರವತ್ತೆರಡು ಮೆಟ್ಟಿಲು,
ಅದರಾಚೆ ಕಡಲು.

ಭಾನುವಾರ ಕೆಳಗೆ ಒಯ್ಯೋಣ ಎಂದೆ.
ಎಂದವಳು ನಾನೇ.
ಭಾನುವಾರಗಳು ಬಂದವು, ಬಂದ ಹಾಗೇ ಹೋದವು.
ನನಗೆ ಆಸ್ಪತ್ರೆಯ ಚಾದರ ಒಗೆಯುವ ಪಾಳಿ,
ಅವನಿಗೆ ಕೆಮ್ಮು, ಒಮ್ಮೆ ಮಂಜು, ಆಮೇಲೆ ಬರೀ ಫುಟ್ಬಾಲು.
ಸೈಕಲ್ಲು ಮೊಳೆಗೇರಿತು.
ಹಿಡಿಯ ಮೇಲೆ ಕಾಲುಚೀಲ ಒಣಗಿದವು,
ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿತು,
ಹೊಸ ಟೈರಿನ ರಬ್ಬರು ರೋಮ ಮಾತ್ರ
ಒಂದೂ ಸವೆಯಲಿಲ್ಲ.

ಈ ಮಾರ್ಚಿಗೆ ಅವನಿಗೆ ಹತ್ತು ತುಂಬಿತು.
ಮೊಣಕಾಲು ಗಲ್ಲಕ್ಕೆ ಬಡಿಯುತ್ತದೆ.

ದಕ್ಕೆಯಲ್ಲಿ ಮೀನು ಸೀಳುವ ಹಾಸಿಂತಾಳಿಗೆ
ಒಬ್ಬಳು ಮಗಳು, ರಾಯೆನ್.
ಐಸಿನ ಪೆಟ್ಟಿಗೆಯ ಮುಚ್ಚಳವನ್ನೇ ಗಾಡಿ ಮಾಡಿ
ದಿನವೆಲ್ಲ ತಳ್ಳುತ್ತಿರುತ್ತಾಳೆ.
ದಕ್ಕೆ ಚಪ್ಪಟೆ,
ನಾನೇ ಇಸ್ತ್ರಿ ಹಾಕಿದಷ್ಟು ಚಪ್ಪಟೆ.

ಕೊಟ್ಟುಬಿಡೋಣವಾ, ಎಂದು ಕೇಳಿದೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಬ್ರೆಡ್ಡಿನ ಅಂಚಿನ ತನಕ ಬೆಣ್ಣೆ ಸವರುತ್ತ
“ನಾನದನ್ನ ಹೊಡೆದೇ ಇಲ್ಲವಲ್ಲ” ಅಂದ.
ಅದಕ್ಕೇ, ಅಂದೆ.
ಅದಕ್ಕೇ, ಅಂದ ಅವನೂ.
ಇಬ್ಬರ ಅದಕ್ಕೇ ಬೇರೆ ಬೇರೆ.

ಶನಿವಾರ ಇಳಿಸಿದೆವು.
ಮುಂದಿನ ಗಾಲಿ ಅವನು, ಹಿಂದಿನದು ನಾನು,
ಕಿಟಕಿಗೊಂದು ಪ್ರಶ್ನೆ:
ಕೆಟ್ಟಿತೇ? ಮಾರ್ತೀಯಾ? ಎಷ್ಟಕ್ಕೆ?
ಎಂಬತ್ತನೆಯ ಮೆಟ್ಟಿಲಲ್ಲಿ ಕೂತೆವು.
ಒದ್ದೆ ಚಾದರ ಹಿಂಡುವ ಕೈಗೆ
ಇಷ್ಟು ಸಣ್ಣ ವಸ್ತು ಭಾರ ಅನ್ನಿಸಬಾರದಿತ್ತು.
ಅನ್ನಿಸಿತು.

ರಾಯೆನ್ ಥ್ಯಾಂಕ್ಸ್ ಹೇಳಲಿಲ್ಲ.
ಹೇಳೇ, ಹೇಳೇ ಎಂದು ಅವಳಮ್ಮ ತಿವಿಯುವಷ್ಟರಲ್ಲಿ
ಪೆಟ್ಟಿಗೆಗಳ ಸಾಲಿನಾಚೆ ಒಂದು ಹಳದಿ ಚುಕ್ಕೆ,
ಬೆನ್ನಟ್ಟಿದ ಎರಡು ನಾಯಿ,
ಬೈಯುತ್ತ ಎದ್ದ ಕಡಲಹಕ್ಕಿ,
ಮೀನುನೀರಿನಲ್ಲಿ ಮೂರು ಗೆರೆ.
ತಿರುಗಿ ಬರುವಾಗ
ಬಾಯಲ್ಲೇ ಟ್ರಿಣ್ ಟ್ರಿಣ್ ಅನ್ನುತ್ತಿದ್ದಳು.

ಬಾಯಲ್ಲಿ ಯಾಕೆ?
ನೋಡಿದೆ. ಹಿಡಿಯ ಎಡಕ್ಕೆ
ಬೆಲ್ಲಿದ್ದಷ್ಟು ಜಾಗ
ಧೂಳಿಲ್ಲದೆ ಹೊಳೆಯುತ್ತಿತ್ತು.
ಎಲಿಸೆಯೊ ಕಡಲು ನೋಡುತ್ತಿದ್ದ.
ಕಡಲು ನೋಡುವ ಹುಡುಗನೇ ಅಲ್ಲ ಅವನು.
ಜೇಬಿನಲ್ಲಿ ಬಿಗಿದ ಮುಷ್ಟಿ.

ನಾನೂ ಕಡಲು ನೋಡಿದೆ.

ರಾತ್ರಿ ಕಂಬಳಿಯೊಳಗಿಂದ
ಬೆರಳಲ್ಲಿ ಒತ್ತಿಹಿಡಿದ ಒಂದು ಟ್ರಿಣ್.
ಮರುದಿನವೂ ಒಂದು. ಒಂದೇ.
ಹೀಗೆ ಹದಿನೇಳು ರಾತ್ರಿ.
ಬೆಳಗ್ಗೆ ತಲೆ ಬಾಚುವಾಗ ನಾನು ತುಟಿ ಪಿಟಿಕ್ಕೆನ್ನಲಿಲ್ಲ.

ಹದಿನೆಂಟನೆಯ ದಿನ
“ಮೀನು ತರಲಾ?” ಅಂದ,
ಮೀನೆಂದರೆ ಮೂಗು ಮುಚ್ಚುವವನು.
ಡಬ್ಬಿಯೆಲ್ಲ ತಡಕಿ ಸ್ಕ್ರೂಡ್ರೈವರ್ ಹುಡುಕಿದ.
ಮೀನಿಗೆ ಸ್ಕ್ರೂಡ್ರೈವರ್ ಯಾತಕ್ಕೆಂದು
ಕೇಳುವ ತಾಯಿ ನಾನಲ್ಲ.
ಕತ್ತಲಾದ ಮೇಲೆ ಬಂದ,
ಕಾಗದದಲ್ಲಿ ಮೂರು ಬಂಗುಡೆ,
ದುಡ್ಡು ಕೊಟ್ಟದ್ದು ಕೊಟ್ಟ ಹಾಗೇ.

ಈಗ ಸಂಜೆಯಾದರೆ
ಮೆಟ್ಟಿಲ ತುದಿಯಲ್ಲಿ ಕುತ್ತಿಗೆ ಚಾಚಿ ನಿಲ್ಲುತ್ತಾನೆ.
“ಅಮ್ಮಾ, ಕೇಳಿಸ್ತಾ?”
ನೂರ ಅರವತ್ತೆರಡು ಮೆಟ್ಟಿಲು,
ಬಸ್ಸು, ಕ್ರೇನು, ಅಷ್ಟೊಂದು ಹಕ್ಕಿ.
ಯಾರಿಗೆ ತಾನೇ ಕೇಳಿಸೀತು?
ಕೇಳಿಸ್ತು, ಅಂದೆ.

“ಇನ್ನೂ ಬಾರಿಸಿಲ್ಲ” ಅಂದ.
“ತಾಳು, ಈಗ ಬಾರಿಸ್ತಾಳೆ.”